ಮಂಗಳೂರು ಸೆಂಟ್ರಲ್: ಘಟ್ಟ ಬಿಟ್ಟು ತೆಂಕಕ್ಕೆ ಹೊರಟ ಹಳಿ

ಇವತ್ತಿನ ಸಂಚಿಕೆಯಲ್ಲಿ ಒಂದು ರೈಲು ನಿಲ್ದಾಣದ ಕತೆ. ಮಂಗಳೂರು ಸೆಂಟ್ರಲ್ ಇರೋದು ಕರ್ನಾಟಕದಲ್ಲಿ. ಆದರೆ ಅದು ಸೇರಿರೋದು ದಕ್ಷಿಣ ರೈಲ್ವೆಯ ಪಾಲಕ್ಕಾಡ್ ವಿಭಾಗಕ್ಕೆ. ಅಂದರೆ ಆಡಳಿತ ಕಚೇರಿ ಕೇರಳದಲ್ಲಿ. ಯಾಕೆ ಹೀಗೆ?

ನೂರು ವರ್ಷಕ್ಕೂ ಹಿಂದಿನ ಮಂಗಳೂರನ್ನ ನೋಡೋಣ. ಆಗಿನ ಬಂದರು ನೇತ್ರಾವತಿ ಮತ್ತು ಗುರುಪುರ ನದಿಗಳ ಅಳಿವೆಯ ಒಳಗಿತ್ತು. ಅಳಿವೆಬಾಯಲ್ಲಿ ಮರಳು ತುಂಬಿ ಆಳ ಕಡಿಮೆ. ಹಾಗಾಗಿ ದೊಡ್ಡ ಹಡಗುಗಳು ಕಡಲಲ್ಲೇ ಲಂಗರು ಹಾಕ್ತಿದ್ವು. ಘಟ್ಟದಿಂದ ಇಳಿದ ಕಾಫಿ, ಊರಿನ ಹೆಂಚು ಎಲ್ಲ ದೋಣಿಯಲ್ಲಿ ಹಡಗು ಸೇರಬೇಕು. ಮಳೆಗಾಲ ಬಂತೋ, ಆ ವ್ಯಾಪಾರವೂ ನಿಲ್ಲಬೇಕು. ಇಂಥ ಊರಿಗೆ ರೈಲು ಎಷ್ಟು ಮುಖ್ಯ ಅಂತ ಬೇರೆ ಹೇಳಬೇಕಾಗಿಲ್ಲ.

ಆದರೆ ರೈಲು ಬಂದಿದ್ದು ದಕ್ಷಿಣದಿಂದ. ಆಗ ಈ ಜಿಲ್ಲೆ ಮದ್ರಾಸ್ ಪ್ರಾಂತ್ಯದ್ದು, ಘಟ್ಟದ ಮೇಲಿದ್ದದ್ದು ಮೈಸೂರು ಸಂಸ್ಥಾನ. 1861ರಲ್ಲೇ ಮಲಬಾರಿನ ತಿರೂರಿನಿಂದ ಬೇಪೂರು ಸಮೀಪದ ಚಾಲಿಯಂವರೆಗೆ ರೈಲು ಓಡಿತ್ತು. 1888ರಲ್ಲಿ ಹಳಿ ಕಲ್ಲಿಕೋಟೆ ತಲುಪಿತು. ಮಂಗಳೂರಿಗೆ ಬಂದಿದ್ದು 1907ರಲ್ಲಿ. ಘಟ್ಟ ಹತ್ತೋದಕ್ಕಿಂತ ಕರಾವಳಿಗುಂಟ ಬರೋದು ಸುಲಭ, ಆಳುವವರೂ ಒಬ್ಬರೇ. ನೇತ್ರಾವತಿ ದಾಟಿ ಬಂದ ಹಳಿ ಇಲ್ಲೇ ಕೊನೆಯಾಯ್ತು.

1956ರಲ್ಲಿ ರಾಜ್ಯಗಳು ಮರುವಿಂಗಡಣೆ ಆದಾಗ ಮಂಗಳೂರು ಮೈಸೂರು ರಾಜ್ಯಕ್ಕೆ, ಕಾಸರಗೋಡು ಕೇರಳಕ್ಕೆ ಸೇರಿತು. ಗಡಿ ಬದಲಾಯ್ತು, ಹಳಿ ಬದಲಾಗಲಿಲ್ಲ. ಮಂಗಳೂರಿನವರು ತಮ್ಮದೇ ರಾಜಧಾನಿಗೆ ರೈಲಲ್ಲಿ ಹೋಗಬೇಕಂದ್ರೆ ಶೋರನೂರು, ಸೇಲಂ, ಜೋಲಾರ್‌ಪೇಟೆ ಸುತ್ತಬೇಕಿತ್ತು! ಅಷ್ಟು ಸುತ್ತೋ ಬದಲು ಜನ ಬಸ್ಸು ಹತ್ತಿದ್ರು, ಸರಕು ಲಾರಿ ಹತ್ತಿತು.

ನೇರ ದಾರಿ ಬೇಕೇಬೇಕು ಅನ್ನೋ ಮಾತಿಗೆ ಬಲ ಬಂದಿದ್ದು ಪಣಂಬೂರಿನ ಹೊಸ ಬಂದರಿನಿಂದ. 1975ರಲ್ಲಿ ಆ ಬಂದರು ಉದ್ಘಾಟನೆಯಾಯ್ತು, 1979ರಲ್ಲಿ ಹಾಸನ–ಮಂಗಳೂರು ಮಾರ್ಗ ಪೂರ್ತಿಯಾಯ್ತು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ 57 ಸುರಂಗ. ಐವತ್ತು ಮೀಟರ್ ಸಾಗಿದರೆ ಒಂದು ಮೀಟರ್ ಏರು. ಆದರೆ ಹಾಕಿದ್ದು ಮೀಟರ್ ಗೇಜ್, ಕೇರಳದ ಕಡೆಯದ್ದು ಬ್ರಾಡ್ ಗೇಜ್. ಒಂದರ ಬೋಗಿ ಇನ್ನೊಂದರ ಮೇಲೆ ಓಡಲ್ಲ. ಕೊನೆಗೆ ಹಳಿ ಬದಲಿಸೋಕೆ ಅಂತ 1990ರ ದಶಕದಲ್ಲಿ ಘಟ್ಟದ ರೈಲು ನಿಂತಿತು. ಪ್ರಯಾಣಿಕರ ರೈಲು ಮತ್ತೆ ಓಡಿದ್ದು 2007ರ ಡಿಸೆಂಬರ್‌ನಲ್ಲಿ.

ಈ ನಡುವೆ 1998ರಲ್ಲಿ ಕೊಂಕಣ ರೈಲ್ವೆಯೂ ಪೂರ್ಣಗೊಂಡು ಮುಂಬೈ ಹತ್ತಿರವಾಯ್ತು. ಆದರೆ ಸೆಂಟ್ರಲ್ ಇರೋದು ಮುಖ್ಯ ದಾರಿಯಿಂದ ಒಳಗೆ, ಹಳಿ ಮುಗಿಯೋ ಜಾಗದಲ್ಲಿ. ಹಾಗಾಗಿ ಕೇರಳ–ಮುಂಬೈ ನಡುವಿನ ಎಷ್ಟೋ ರೈಲುಗಳು ಸೆಂಟ್ರಲ್‌ಗೆ ಬರೋದೇ ಇಲ್ಲ, ಜಂಕ್ಷನ್‌ನಲ್ಲೇ ನಿಂತು ಮುಂದೆ ಹೋಗ್ತವೆ.

ಇವತ್ತು ಪಡೀಲ್ ದಾಟಿದರೆ ಮೈಸೂರು ವಿಭಾಗ, ತೋಕೂರು ದಾಟಿದರೆ ಕೊಂಕಣ ರೈಲ್ವೆ, ನಡುವೆ ಪಾಲಕ್ಕಾಡ್. ಒಂದು ಊರಿಗೆ ಮೂರು ಆಡಳಿತ. ಹೊಸ ರೈಲು ಕೇಳಬೇಕಾದ್ರೆ ಯಾರ ಬಾಗಿಲು ತಟ್ಟಬೇಕು? ಎಲ್ಲವನ್ನೂ ಒಂದೇ ವಿಭಾಗಕ್ಕೆ ತನ್ನಿ ಅಂತ ಇಲ್ಲಿನ ಜನ ವರ್ಷಗಳಿಂದ ಕೇಳ್ತಿರೋದು ಇದಕ್ಕೇ. ಮದ್ರಾಸ್ ಪ್ರಾಂತ್ಯ ಹೋಗಿ ಎಷ್ಟೋ ಕಾಲವಾಯ್ತು. ಅದರ ಗಡಿ ಮಾತ್ರ ರೈಲ್ವೆಯ ನಕ್ಷೆಯಲ್ಲಿ ಹಾಗೇ ಉಳಿದಿದೆ.