ಪಿಗ್ಮಿ ಪುಸ್ತಕ ಮತ್ತು ಡಿಗ್ರಿಯ ನಾಲ್ಕನೇ ವರ್ಷ

ಬನ್ನಂಜೆಯಿಂದ ಮಾತಾಡ್ತಾ ಇದ್ದೇನೆ.

2021ರಲ್ಲಿ ಹೊಸ ಶಿಕ್ಷಣ ನೀತಿಯ ಜೊತೆ ನಮ್ಮ ರಾಜ್ಯದ ಡಿಗ್ರಿಗೆ ಆನರ್ಸ್ ಬಂತು. ವಿಜ್ಞಾನ, ಕಲೆ, ಕಾಮರ್ಸ್, ಯಾವುದು ಓದಿದ್ರೂ ನಾಲ್ಕನೇ ವರ್ಷ ಸಂಶೋಧನೆಗೆ ಅವಕಾಶ. 2024ರ ಮೇ ತಿಂಗಳಲ್ಲಿ ಸರ್ಕಾರ ಮತ್ತೆ ಮೂರೇ ವರ್ಷಕ್ಕೆ ಇಳಿಸಿತು. ಆಗಲೇ ಸೇರಿದ್ದವರಿಗೆ ಮಾತ್ರ ಆಯ್ಕೆ ಉಳಿಯಿತು. ಇನ್ನೊಂದು ವರ್ಷದ ಫೀಸು, ಬಸ್ ಖರ್ಚು ಬಡವರ ಮನೆಗೆ ಭಾರವೇ, ಒಪ್ತೇನೆ. ಆದ್ರೆ ಕೈತಪ್ಪಿದ್ದು ಏನು ಅಂತ ಉಡುಪಿಯಲ್ಲೇ ನೋಡಿ.

ನಾನು ಮೂರು ವರ್ಷದ ಬಿಕಾಂ. ನಮ್ಮೂರಲ್ಲಿ 1906ರಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಕಾರ್ಪೊರೇಷನ್ ಬ್ಯಾಂಕ್ ಶುರು ಮಾಡಿದ್ರು. ಕೈಮಗ್ಗದವರ ಕಷ್ಟ ನೋಡಿ 1925ರಲ್ಲಿ ಡಾ. ಟಿ.ಎಂ.ಎ. ಪೈ, ಉಪೇಂದ್ರ ಪೈ, ವಾಮನ ಕುಡ್ವ ಸೇರಿ ಸಿಂಡಿಕೇಟ್ ಬ್ಯಾಂಕ್ ಕಟ್ಟಿದ್ರು. 1928ರಲ್ಲಿ ಪಿಗ್ಮಿ ಬಂತು: ಏಜೆಂಟರು ಮನೆಬಾಗಿಲಿಗೇ ಬಂದು ದಿನಕ್ಕೆ ಎರಡಾಣೆಯಷ್ಟು ಸಣ್ಣ ದುಡ್ಡನ್ನೂ ಜಮಾ ಮಾಡ್ಕೊಳ್ತಿದ್ರು. 1949ರಲ್ಲಿ ಎಂಜಿಎಂ ಕಾಲೇಜು ತೆರೆದದ್ದೂ ಅದೇ ಪೈಗಳು.

ಇಷ್ಟು ಇಸವಿ ಪರೀಕ್ಷೆಗೆ ಸಾಕು. ಆ ಎರಡಾಣೆ ಉಳಿಸಿದ್ದು ಗಂಡನೋ ಹೆಂಡತಿಯೋ? ಪಾಸ್‌ಬುಕ್ ಯಾರ ಹೆಸರಲ್ಲಿತ್ತು? ಅದೇ ಮನೆಗೆ ಸಾಲ ಸಿಕ್ತಾ? ಇದಕ್ಕೆ ಗೈಡ್‌ನಲ್ಲಿ ಉತ್ತರ ಇಲ್ಲ. ಮನೆಮನೆ ತಿರುಗಬೇಕು, ಒಂದು ವರ್ಷ ಬೇಕು.

2020ರ ಏಪ್ರಿಲ್ 1ಕ್ಕೆ ಸಿಂಡಿಕೇಟ್ ಕೆನರಾದಲ್ಲಿ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿನಲ್ಲಿ ಸೇರಿಹೋಯ್ತು. ಬೋರ್ಡು ಹೋಯ್ತು. ಹಳೇ ಪಿಗ್ಮಿ ಏಜೆಂಟರು ಯಾರಾದ್ರೂ ಕೇಳ್ತಾ ಇದ್ರೆ, ಕಪಾಟಿನಲ್ಲಿರೋ ಪುಸ್ತಕ ಗುಜರಿಗೆ ಹಾಕ್ಬೇಡಿ ಮಾರಾಯ್ರೆ.