ಎಂಜಿನ್ನು ನಡೆದು ಬಂದ ದಾರಿ



ಎಂಜಿನ್ನು ಅಂದ ಕೂಡಲೆ ನಮ್ಮಲ್ಲಿ ಅನೇಕರು, "ಅದೆಲ್ಲ ಮೆಕ್ಯಾನಿಕ್ಕಿನ ಕೆಲಸ, ನಮಗ್ಯಾಕೆ?" ಅಂತಾರೆ. ಆದರೆ ಬಾವಿಯ ನೀರೆತ್ತುವ ಆಯಿಲ್ ಎಂಜಿನ್ನು, ಹೊಲ ಉಳುವ ಟ್ರ್ಯಾಕ್ಟರು, ರಸ್ತೆಯಲ್ಲಿ ಓಡುವ ಕಾರು, ಎಲ್ಲವೂ ಒಂದೇ ವಂಶದವು. ಆ ವಂಶದ ಕಥೆ ತಿಳಿದರೆ, ಎಂಜಿನ್ನು ನಿಂತಾಗ ಎಲ್ಲಿ ನೋಡಬೇಕೆಂಬುದೂ ತಿಳಿಯುತ್ತದೆ.

ಹಿಂದೆ ಉಗಿಯಂತ್ರಗಳಿದ್ದವು. ಅವುಗಳಲ್ಲಿ ಬೆಂಕಿ ಹೊರಗಿನ ಒಲೆಯಲ್ಲಿ. ಬೆಂಕಿಯನ್ನು ಸಿಲಿಂಡರಿನ ಒಳಗೇ ಉರಿಸುವ ಪ್ರಯತ್ನ ಹಲವರು ಮಾಡಿದರು. ಜರ್ಮನಿಯ ನಿಕೊಲಾಸ್ ಆಟೋ ಎಂಬುವರು 1876ರಲ್ಲಿ ನಾಲ್ಕು ಹೊಡೆತದ ಎಂಜಿನ್ನನ್ನು ಚೆನ್ನಾಗಿ ನಡೆಸಿ ತೋರಿಸಿದರು. ಸೈಕಲ್ ಪಂಪನ್ನು ನೆನೆಸಿಕೊಳ್ಳಿ. ಅದರ ಕೊಳವೆಯಂಥದೇ ಸಿಲಿಂಡರು. ಒಳಗೆ ಆಡುವುದು ಪಿಸ್ಟನ್ನು. ಮೊದಲನೆಯ ಹೊಡೆತದಲ್ಲಿ ಪಿಸ್ಟನ್ನು ಗಾಳಿಯನ್ನೂ ಇಂಧನವನ್ನೂ ಒಳಗೆಳೆಯುತ್ತದೆ. ಎರಡನೆಯದರಲ್ಲಿ ಅದುಮುತ್ತದೆ. ಮೂರನೆಯದರಲ್ಲಿ ಬೆಂಕಿ ತಗುಲಿ ಅನಿಲ ಹಿಗ್ಗಿ ಪಿಸ್ಟನ್ನನ್ನು ತಳ್ಳುತ್ತದೆ. ನಾಲ್ಕನೆಯದರಲ್ಲಿ ಹೊಗೆ ಹೊರಕ್ಕೆ. ದುಡಿಯುವುದು ಮೂರನೆಯ ಹೊಡೆತ ಒಂದೇ. ಉಳಿದ ಮೂರನ್ನು ಭಾರವಾದ ಫ್ಲೈವೀಲು ತನ್ನ ಓಟದಿಂದ ಸಾಗಿಸುತ್ತದೆ.

ಇಂಥ ಎಂಜಿನ್ನನ್ನು ಮೂರು ಗಾಲಿಯ ಗಾಡಿಗೆ ಕೂರಿಸಿ ಕಾರ್ಲ್ ಬೆಂಜ್ ಎಂಬುವರು 1886ರಲ್ಲಿ ಪೇಟೆಂಟು ಪಡೆದರು. ಅದರ ಬಲ ಒಂದು ಕುದುರೆ ಶಕ್ತಿಗೂ ಕಡಿಮೆ. ಕೊಳ್ಳುವವರು ಮುಂದೆ ಬರಲಿಲ್ಲ. 1888ರ ಆಗಸ್ಟ್ ತಿಂಗಳಲ್ಲಿ ಅವರ ಹೆಂಡತಿ ಬರ್ತಾ ಬೆಂಜ್, ಗಂಡನಿಗೆ ಹೇಳದೆ, ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಮ್ಯಾನ್‌ಹೈಮ್‌ನಿಂದ ತವರೂರು ಫೋರ್ಟ್ಸ್‌ಹೈಮ್‌ಗೆ ಹೊರಟೇಬಿಟ್ಟರು. ದಾರಿ ಸುಮಾರು ನೂರು ಕಿಲೋಮೀಟರು.

ಈ ಪ್ರಯಾಣವೇ ಎಂಜಿನ್ನಿನ ಪಾಠಶಾಲೆ ನೋಡಿ. ಇಂಧನ ಮುಗಿಯಿತು, ವೀಸ್ಲೋಖ್ ಊರಿನ ಔಷಧದ ಅಂಗಡಿಯಲ್ಲಿ ಕೊಂಡರು. ಇಂಧನದ ಕೊಳವೆ ಕಟ್ಟಿತು. ಟೋಪಿಯ ಪಿನ್ನಿನಿಂದ ಚುಚ್ಚಿ ಬಿಡಿಸಿದರು. ಸಿಲಿಂಡರನ್ನು ತಣಿಸುವ ನೀರು ಆವಿಯಾಗುತ್ತಿತ್ತು. ದಾರಿಯುದ್ದಕ್ಕೂ ನೀರು ಹುಯ್ದರು. ಬ್ರೇಕಿನ ಮರ ಸವೆಯಿತು. ಚಮ್ಮಾರನಿಂದ ತೊಗಲು ಹೊಡೆಸಿದರು. ಏರಿನಲ್ಲಿ ಗಾಡಿ ಹತ್ತಲಿಲ್ಲ, ತಳ್ಳಬೇಕಾಯಿತು. ಆಮೇಲೆ ಬೆಂಜ್ ಅವರು ಏರು ಹತ್ತಲೆಂದೇ ಇನ್ನೊಂದು ಗೇರು ಸೇರಿಸಿದರು. ಕಾರ್ಖಾನೆಯಲ್ಲಿ ಕಾಣದ ಕೊರತೆಯನ್ನು ರಸ್ತೆ ತೋರಿಸಿತು.

ಮುಂದೆ ರುಡಾಲ್ಫ್ ಡೀಸೆಲ್ ಎಂಬುವರು 1897ರಲ್ಲಿ ಆಗ್ಸ್‌ಬರ್ಗಿನಲ್ಲಿ ಕಿಡಿಯೇ ಬೇಡದ ಎಂಜಿನ್ನನ್ನು ನಡೆಸಿದರು. ಗಾಳಿಯನ್ನು ಬಿಗಿಯಾಗಿ ಅದುಮಿದರೆ ಅದು ಕೆಂಡದಂತೆ ಕಾಯುತ್ತದೆ. ಆಗ ಎಣ್ಣೆ ಸಿಂಪಡಿಸಿದರೆ ತಾನೇ ಹತ್ತುತ್ತದೆ. ಇಂಧನದ ಶಾಖದಲ್ಲಿ ಸುಮಾರು ಕಾಲು ಭಾಗ ಕೆಲಸಕ್ಕೆ ಒದಗಿತು. ಉಗಿಯಂತ್ರ ಇಷ್ಟು ಕೊಡುತ್ತಿರಲಿಲ್ಲ. 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಇಂಥದೊಂದು ಎಂಜಿನ್ನು ಕಡಲೆಕಾಯಿ ಎಣ್ಣೆಯಲ್ಲೇ ಓಡಿತು!

ನಮ್ಮ ಕಡೆಗೆ ಬಂದರೆ, ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟು, ಕಬ್ಬಿಣದ ನೇಗಿಲು ಮಾಡಿದ ಲಕ್ಷ್ಮಣರಾವ್ ಕಿರ್ಲೋಸ್ಕರರ ಬಳಗ 1946ರಲ್ಲಿ ಪುಣೆಯಲ್ಲಿ ಆಯಿಲ್ ಎಂಜಿನ್ ಕಂಪನಿ ಸ್ಥಾಪಿಸಿತು. ಕಪಿಲೆಯ ಎತ್ತುಗಳಿಗೆ ಬಿಡುವು ಸಿಕ್ಕಿದ್ದರಲ್ಲಿ ಡೀಸೆಲ್ ಎಂಜಿನ್ನಿನ ಪಾಲು ದೊಡ್ಡದು.

ಈಗ ಬಹಳ ಕಡೆ ವಿದ್ಯುತ್ ಪಂಪು ಬಂದಿದೆ. ಆದರೂ ಟ್ರ್ಯಾಕ್ಟರು, ಟಿಲ್ಲರುಗಳಲ್ಲಿ ಆ ಹಳೆಯ ನಾಲ್ಕು ಹೊಡೆತವೇ ನಡೆದಿದೆ. ಬೆಳೆ ತೆನೆಗಟ್ಟುವ ಹೊತ್ತಿಗೆ ಎಂಜಿನ್ನು ಕೈಕೊಟ್ಟರೆ ವರ್ಷದ ಅನ್ನಕ್ಕೇ ಸಂಚಕಾರ. ಆದ್ದರಿಂದ ಚಾಲೂ ಮಾಡುವ ಮುಂಚೆ ಮೂರು ನೋಡಿ. ಎಂಜಿನ್ ಆಯಿಲು ಕಡ್ಡಿಯ ಗುರುತಿನವರೆಗೆ ಇದೆಯೇ? ತಣಿಸುವ ನೀರು ಇದೆಯೇ? ಡೀಸೆಲ್ಲು ಸೋಸುವ ಫಿಲ್ಟರು ಶುದ್ಧವಾಗಿದೆಯೇ? ಆಯಿಲು ಒಣಗಿದರೆ ಪಿಸ್ಟನ್ನು ಕಚ್ಚಿಕೊಳ್ಳುತ್ತದೆ. ಆಮೇಲೆ ಖರ್ಚು ಸಾವಿರಗಟ್ಟಲೆ. ಕಾದ ರೇಡಿಯೇಟರಿನ ಮುಚ್ಚಳ ಮಾತ್ರ ತೆಗೆಯಬೇಡಿ, ಕುದಿನೀರು ಮುಖಕ್ಕೆ ಚಿಮ್ಮೀತು. ಆರಿದ ಮೇಲೆ ತೆಗೆಯಿರಿ.

ಎತ್ತಿಗೆ ಹುಲ್ಲು ನೀರು ನೋಡಿಯೇ ನೊಗ ಕಟ್ಟುತ್ತೀರಿ. ಎಂಜಿನ್ನಿಗೂ ಅದೇ ಕಾಳಜಿ ಇರಲಿ.