ಪ್ರಮಾಣದ ಪ್ರಶ್ನೆ: ವಾಲ್ಟೇರ್, ಕಲಾಸ್ ಪ್ರಕರಣ ಮತ್ತು ಒಂದು ಕೂಟವೇದ

ಕ್ರಿ.ಶ. 1761ರಲ್ಲಿ ನಡೆದ ಎರಡು ಸಂಗತಿಗಳು ಫ್ರಾನ್ಸಿನ ಚಿಂತಕ ವಾಲ್ಟೇರನನ್ನು ಅರಿಯಲು ಬಹುಮುಖ್ಯವಾದವು. ಭಾರತದಿಂದ ಮರಳಿದ್ದ ಮೊದಾವ್ ಎಂಬ ಫ್ರೆಂಚ್ ಅಧಿಕಾರಿಯಿಂದ ತಾನು ಪಡೆದಿದ್ದ ‘ಎಜೂರ್ ವೇದಮ್’ ಎಂಬ ಹಸ್ತಪ್ರತಿಯನ್ನು ವಾಲ್ಟೇರ್ ಆ ವರ್ಷ ಪ್ಯಾರಿಸಿನ ರಾಜಗ್ರಂಥಾಲಯಕ್ಕೆ ಒಪ್ಪಿಸಿದನು. ಅದು ಅಲೆಕ್ಸಾಂಡರನ ದಂಡಯಾತ್ರೆಗಿಂತಲೂ ಹಿಂದಿನ ಭಾರತೀಯ ಗ್ರಂಥವೆಂದು ಅವನು ದೃಢವಾಗಿ ನಂಬಿದ್ದನು. ಅದೇ ವರ್ಷದ ಅಕ್ಟೋಬರ್ 13ರ ರಾತ್ರಿ ದಕ್ಷಿಣ ಫ್ರಾನ್ಸಿನ ತುಲೂಸ್ ನಗರದ ಬಟ್ಟೆ ವ್ಯಾಪಾರಿಯೊಬ್ಬನ ಮನೆಯಲ್ಲಿ ತರುಣನೊಬ್ಬನು ಶವವಾಗಿ ಕಂಡುಬಂದನು. ಈ ಸಾವಿನ ವಿಚಾರ ವಾಲ್ಟೇರನಿಗೆ ತಿಳಿದದ್ದು ಐದು ತಿಂಗಳ ತರುವಾಯ. ಮೇಲ್ನೋಟಕ್ಕೆ ಸಂಬಂಧವಿಲ್ಲದ ಈ ಎರಡು ಘಟನೆಗಳು ಕೇಳುವ ಪ್ರಶ್ನೆ ಒಂದೇ: ಒಂದು ಮಾತನ್ನು ಯಾವ ಪ್ರಮಾಣದಿಂದ ಸತ್ಯವೆಂದು ಒಪ್ಪಬೇಕು? ಒಂದೆಡೆ ವಾಲ್ಟೇರ್ ಈ ಪ್ರಶ್ನೆಯನ್ನು ಬಿಡದೆ ಕೇಳಿದನು. ಇನ್ನೊಂದೆಡೆ ಕೇಳಲೇ ಇಲ್ಲ.

ಫ್ರಾನ್ಸ್ವಾ ಮರಿ ಅರುವೆ ಎಂಬುದು ಅವನ ಜನ್ಮನಾಮ. 1694ರಲ್ಲಿ ಪ್ಯಾರಿಸಿನಲ್ಲಿ ಜನಿಸಿ, ಯೌವನದಲ್ಲಿಯೇ ವಿಡಂಬನೆಗಾಗಿ ಬಾಸ್ಟೀಲ್ ಸೆರೆಮನೆಯಲ್ಲಿ ಹನ್ನೊಂದು ತಿಂಗಳು ಕಳೆದವನು. 1726ರಲ್ಲಿ ಇಂಗ್ಲೆಂಡಿಗೆ ತೆರಳಿ ಲಾಕ್ ಮತ್ತು ನ್ಯೂಟನ್ನರ ವಿಚಾರಗಳನ್ನು ಅರಗಿಸಿಕೊಂಡನು. ಆ ಅನುಭವದ ಫಲವಾದ ‘ತಾತ್ತ್ವಿಕ ಪತ್ರಗಳು’ 1734ರಲ್ಲಿ ಫ್ರಾನ್ಸಿನಲ್ಲಿ ಪ್ರಕಟವಾದಾಗ ಅಧಿಕಾರಸ್ಥರು ಅದನ್ನು ಸುಡಿಸಿದರು. ಜ್ಞಾನೋದಯ ಯುಗದ ಇತರ ದಾರ್ಶನಿಕರಂತೆ ಇವನು ಹೊಸ ತತ್ತ್ವವ್ಯವಸ್ಥೆಯೊಂದನ್ನು ಕಟ್ಟಲಿಲ್ಲ. ಕಾಂಟನ ವಿಮರ್ಶೆಯ ಆಳವಾಗಲಿ, ರೂಸೋನ ಸಾಮಾಜಿಕ ಒಪ್ಪಂದದಂತಹ ಮೂಲಕಲ್ಪನೆಯಾಗಲಿ ಅವನಲ್ಲಿಲ್ಲ. ದೇವರುಂಟು, ಆದರೆ ಆತನನ್ನು ಅರಿಯಲು ಪುರೋಹಿತರ ಮಧ್ಯಸ್ಥಿಕೆ ಬೇಕಿಲ್ಲ ಎಂಬುದು ಅವನ ನಿಲುವು. ಅಷ್ಟರಿಂದಲೇ ಅವನು ತತ್ತ್ವಶಾಸ್ತ್ರದ ಚರಿತ್ರೆಯಲ್ಲಿ ದೊಡ್ಡ ಸ್ಥಾನ ಪಡೆಯಲಾರನು. ಅವನ ಪ್ರಭಾವದ ಮೂಲವನ್ನು ಬೇರೆಡೆ ಹುಡುಕಬೇಕು.

ತುಲೂಸಿನಲ್ಲಿ ಸತ್ತ ತರುಣನ ಹೆಸರು ಮಾರ್ಕ್ ಆಂತ್ವಾನ್ ಕಲಾಸ್, ವಯಸ್ಸು 28. ಕಾನೂನು ಓದಿದ್ದನು. ಆದರೆ ವಕೀಲನಾಗಲು ಕ್ಯಾಥೊಲಿಕನೆಂಬ ಪ್ರಮಾಣಪತ್ರ ಬೇಕಾಗಿದ್ದಿತು. ಕಲಾಸರದು ಪ್ರೊಟೆಸ್ಟೆಂಟ್ ಕುಟುಂಬ. 1685ರಲ್ಲಿ ಹದಿನಾಲ್ಕನೆಯ ಲೂಯಿ ನಾಂತ್ ಶಾಸನವನ್ನು ರದ್ದುಪಡಿಸಿದಂದಿನಿಂದ ಪ್ರೊಟೆಸ್ಟೆಂಟರ ವಿವಾಹಕ್ಕೂ ಜನನಕ್ಕೂ ಕಾನೂನಿನ ಮನ್ನಣೆ ಇರಲಿಲ್ಲ. ಆ ರಾತ್ರಿ ಊಟದ ನಡುವೆ ಎದ್ದು ಹೋದ ಮಾರ್ಕ್ ಆಂತ್ವಾನ್ ಕೆಳಗಿನ ಅಂಗಡಿಯಲ್ಲಿ ಹೆಣವಾಗಿದ್ದನು. ಹಂತಕನು ಹೊರಗಿನಿಂದ ಬಂದಿರಬೇಕೆಂದು ಮನೆಯವರು ಮೊದಲು ಹೇಳಿದರು. ಬಳಿಕ ಮಾತು ಬದಲಿಸಿ, ಅವನು ನೇಣು ಹಾಕಿಕೊಂಡಿದ್ದನೆಂದರು. ಸುಳ್ಳಿಗೆ ಕಾರಣವಿದ್ದಿತು: ಆತ್ಮಹತ್ಯೆ ಮಾಡಿಕೊಂಡವನ ಶವವನ್ನು ಬೀದಿಯಲ್ಲಿ ಮುಖ ಕೆಳಗಾಗಿ ಎಳೆಯುವುದು ಅಂದಿನ ಶಿಕ್ಷಾಪದ್ಧತಿ. ಮಗನ ದೇಹಕ್ಕೆ ಆ ಅವಮಾನ ತಪ್ಪಿಸಲು ಆಡಿದ ಮಾತು ತಂದೆಯ ಕೊರಳಿಗೆ ಸುತ್ತಿಕೊಂಡಿತು.

ಮನೆಯ ಮುಂದೆ ನೆರೆದಿದ್ದ ಗುಂಪಿನಲ್ಲಿ ಯಾರೋ ಒಬ್ಬರು, ಮಗನು ಕ್ಯಾಥೊಲಿಕ್ ಮತಕ್ಕೆ ಸೇರಲಿದ್ದುದರಿಂದ ತಂದೆಯೇ ಕೊಂದನೆಂದು ಕೂಗಿದರು. ಆ ಕೂಗೇ ಮೊಕದ್ದಮೆಯ ಬೀಜ. ನಗರಾಧಿಕಾರಿ ದಾವೀದ್ ದ ಬೊದ್ರಿಗ್ ಆಗಲೇ ಎಲ್ಲರನ್ನೂ ಬಂಧಿಸಿದನು. ಚರ್ಚುಗಳಲ್ಲಿ ಸಾಕ್ಷಿಗಳನ್ನು ಕರೆಯುವ ಪ್ರಕಟಣೆಯನ್ನು ಓದಿಸಲಾಯಿತು. ಕೊಲೆ ನಡೆದಿದೆಯೇ ಎಂದು ಆ ಪ್ರಕಟಣೆ ಕೇಳಲಿಲ್ಲ. ನಡೆದಿದೆಯೆಂದು ಮೊದಲೇ ಗ್ರಹಿಸಿಕೊಂಡು ವಿವರಗಳನ್ನಷ್ಟೇ ಕೇಳಿತು. ಮತಾಂತರಗೊಂಡನೆಂಬುದಕ್ಕೆ ಆಧಾರವೇ ಇಲ್ಲದ ತರುಣನನ್ನು ಹುತಾತ್ಮನೆಂದು ಸಾರಿ ಕ್ಯಾಥೊಲಿಕ್ ವಿಧಿಯಲ್ಲಿ ಸಮಾಧಿ ಮಾಡಲಾಯಿತು. 1562ರಲ್ಲಿ ನಡೆದ ಪ್ರೊಟೆಸ್ಟೆಂಟರ ಹತ್ಯಾಕಾಂಡವನ್ನು ವರ್ಷವರ್ಷವೂ ಮೆರವಣಿಗೆಯಿಂದ ಆಚರಿಸುತ್ತಿದ್ದ ನಗರವದು. ಆ ಘಟನೆಯ ಇನ್ನೂರನೆಯ ವರ್ಷದ ಉತ್ಸವ ಹತ್ತಿರವಾಗುತ್ತಿದ್ದಿತು. 1762ರ ಮಾರ್ಚ್ 9ರಂದು ತುಲೂಸಿನ ಉಚ್ಚ ನ್ಯಾಯಸಭೆಯ 13 ಮಂದಿ ನ್ಯಾಯಾಧೀಶರಲ್ಲಿ 8 ಮಂದಿ ಮರಣದಂಡನೆಗೆ ಮತವಿತ್ತರು. ಮರುದಿನ ವೃದ್ಧ ಜಾನ್ ಕಲಾಸನನ್ನು ಚಿತ್ರಹಿಂಸೆಗೆ ಗುರಿಪಡಿಸಿ, ಮೂಳೆಗಳನ್ನು ಮುರಿದು ಚಕ್ರದ ಮೇಲೆ ಕೆಡವಲಾಯಿತು. ಎರಡು ಗಂಟೆಗಳ ಬಳಿಕ ಕತ್ತು ಹಿಸುಕಿ ಕೊಂದು ದೇಹವನ್ನು ಸುಟ್ಟರು. ಕೊನೆಯ ಉಸಿರಿನವರೆಗೂ ತಾನು ನಿರಪರಾಧಿಯೆಂದೇ ಅವನು ಹೇಳಿದನು.

ಸ್ವಿಟ್ಜರ್ಲೆಂಡಿನ ಗಡಿಯ ಫೆರ್ನೆಯಲ್ಲಿದ್ದ ವಾಲ್ಟೇರ್ ಈ ಸುದ್ದಿ ಕೇಳಿ ಒಡನೆಯೇ ಕನಿಕರಪಟ್ಟನೆಂದು ಭಾವಿಸುವುದು ತಪ್ಪು. ಅವನ ಮೊದಲ ಪ್ರತಿಕ್ರಿಯೆ ಒಂದು ಕುಹಕ. ಪ್ರೊಟೆಸ್ಟೆಂಟರ ಮತಾಂಧತೆಯನ್ನು ಹಳಿಯುವ ವ್ಯಂಗ್ಯದ ಪತ್ರವನ್ನು ಅವನು ಬರೆದನು. ಅವನ ಜೀವನಚರಿತ್ರೆಗಳಲ್ಲಿ ಕೆಲವೊಮ್ಮೆ ಮರೆಯಾಗುವ ಈ ವಿವರವೇ ಪ್ರಕರಣದ ಸ್ವಾರಸ್ಯ. ಕರುಣೆಗಿಂತ ಮೊದಲು ಅವನಲ್ಲಿ ಮೂಡಿದ್ದು ಸಂದೇಹ. ಎರಡೂ ಪಕ್ಷಗಳಲ್ಲಿ ಯಾವುದೋ ಒಂದು ಘೋರ ಮತಾಂಧತೆಯಿಂದ ವರ್ತಿಸಿರಲೇಬೇಕಲ್ಲವೇ? ಜಿನೀವಾಕ್ಕೆ ಬಂದಿದ್ದ ಕಲಾಸನ ಕಿರಿಯ ಮಗ ದೊನಾನನ್ನು ಕರೆಸಿ ಪ್ರಶ್ನಿಸಿದನು. ಕುಟುಂಬವನ್ನು ಬಲ್ಲ ವ್ಯಾಪಾರಿಗಳನ್ನು ವಿಚಾರಿಸಿದನು. ಪತ್ರಗಳನ್ನು ಬರೆದು ಮಾಹಿತಿ ಕಲೆಹಾಕಿದನು. ಕೆಲವು ವಾರಗಳ ಬಳಿಕವೇ ಕಲಾಸ್ ನಿರಪರಾಧಿಯೆಂಬ ನಿರ್ಣಯಕ್ಕೆ ಬಂದನು.

ಅವನ ತರ್ಕ ಸರಳವಾದುದು. 63 ವರ್ಷದ, ಕಾಲುಗಳಲ್ಲಿ ಬಲವಿಲ್ಲದ ಮುದುಕನೊಬ್ಬನು ದೃಢಕಾಯನಾದ ಮಗನನ್ನು ಒಬ್ಬನೇ ನೇಣಿಗೇರಿಸಲಾರನು. ಆದ್ದರಿಂದ ಮನೆಯಲ್ಲಿದ್ದ ತಾಯಿ, ತಮ್ಮ, ಅತಿಥಿಯಾಗಿ ಬಂದಿದ್ದ ತರುಣ, ಕ್ಯಾಥೊಲಿಕಳೇ ಆಗಿದ್ದ ಮನೆಗೆಲಸದಾಕೆ ಎಲ್ಲರೂ ಸೇರಿರಲೇಬೇಕು. ಒಂದೋ ಎಲ್ಲರೂ ಅಪರಾಧಿಗಳು, ಇಲ್ಲವೇ ಯಾರೂ ಅಲ್ಲ. ತಂದೆ ಹಿಂಸೆ ತಾಳದೆ ಉಳಿದವರ ಹೆಸರು ಹೇಳುವನೆಂದು ಕಾದಿದ್ದ ನ್ಯಾಯಾಧೀಶರು, ಅವನು ಹೇಳದೆ ಸತ್ತಾಗ, ಒಬ್ಬ ಮಗನನ್ನು ಗಡೀಪಾರು ಮಾಡಿ ಮಿಕ್ಕವರನ್ನು ಬಿಟ್ಟುಬಿಟ್ಟರು. ತಮ್ಮ ತೀರ್ಪನ್ನು ತಾವೇ ಅಲ್ಲಗಳೆದಂತಾಯಿತು.

ಪ್ರಮಾಣವನ್ನು ಅಂದಿನ ನ್ಯಾಯಪದ್ಧತಿ ಲೆಕ್ಕದ ವಸ್ತುವನ್ನಾಗಿ ಮಾಡಿಕೊಂಡಿದ್ದಿತು. ಪೂರ್ಣಪ್ರಮಾಣ, ಅರ್ಧಪ್ರಮಾಣಗಳಲ್ಲದೆ ತುಲೂಸಿನಲ್ಲಿ ಕಾಲು, ಅರೆಕಾಲು ಪ್ರಮಾಣಗಳೂ ಚಲಾವಣೆಯಲ್ಲಿದ್ದವು. ಒಂದು ಗಾಳಿಮಾತು ಕಾಲು, ಅದಕ್ಕಿಂತ ಅಸ್ಪಷ್ಟವಾದದ್ದು ಅರೆಕಾಲು; ಎಂಟು ಗಾಳಿಮಾತುಗಳು ಕೂಡಿದರೆ ಒಂದು ಪೂರ್ಣಸತ್ಯ! ಇಟಲಿಯ ಬೆಕ್ಕಾರಿಯಾ 1764ರಲ್ಲಿ ಪ್ರಕಟಿಸಿದ ‘ಅಪರಾಧ ಮತ್ತು ಶಿಕ್ಷೆಗಳು’ ಎಂಬ ಕೃತಿಗೆ 1766ರಲ್ಲಿ ವಾಲ್ಟೇರ್ ಬರೆದ ವ್ಯಾಖ್ಯಾನದಲ್ಲಿ ಈ ಲೆಕ್ಕಾಚಾರವನ್ನು ನಿರ್ದಯವಾಗಿ ಗೇಲಿ ಮಾಡಿದ್ದಾನೆ. ಸೊನ್ನೆಗಳನ್ನು ಎಷ್ಟು ಕೂಡಿದರೂ ಸೊನ್ನೆಯೇ ಎಂಬ ಸಾಮಾನ್ಯ ಬುದ್ಧಿಯನ್ನು ನ್ಯಾಯಪೀಠಕ್ಕೆ ನೆನಪಿಸಬೇಕಾದ ಕಾಲವದು.

ಅವನ ಇನ್ನೊಂದು ಬೇಡಿಕೆ ಇನ್ನೂ ಮೂಲಭೂತವಾದುದು. ಅಂದಿನ ನ್ಯಾಯಸಭೆಗಳು ತೀರ್ಪಿಗೆ ಕಾರಣ ಕೊಡಬೇಕಿರಲಿಲ್ಲ. ವಿಚಾರಣೆ ಗುಪ್ತವಾಗಿ ನಡೆಯುತ್ತಿದ್ದಿತು. ದಾಖಲೆಗಳನ್ನು ಹೊರಗೆ ತರಬೇಕು, ಕಾರಣಗಳನ್ನು ಹೇಳಬೇಕು ಎಂದು ವಾಲ್ಟೇರ್ ಹಟ ಹಿಡಿದನು. ಕಲಾಸನ ವಿಧವೆಯನ್ನು ಪ್ಯಾರಿಸಿಗೆ ಹೋಗುವಂತೆ ಒಪ್ಪಿಸಿದನು. ವಕೀಲರ ವಾದಪತ್ರಗಳು ಅಚ್ಚಾಗಿ ಯೂರೋಪಿನಾದ್ಯಂತ ಹರಡಿದವು. ಮಂತ್ರಿಗಳಿಗೂ ರಾಜರಾಣಿಯರಿಗೂ ಪತ್ರಗಳ ಮಳೆ ಸುರಿಯಿತು. 1763ರಲ್ಲಿ ‘ಸಹಿಷ್ಣುತೆಯನ್ನು ಕುರಿತ ಪ್ರಬಂಧ’ ಹೊರಬಂದಿತು. ಆ ವರ್ಷದ ಮಾರ್ಚ್‌ನಲ್ಲಿ ರಾಜನ ಪರಿಷತ್ತು ತುಲೂಸಿನಿಂದ ದಾಖಲೆಗಳನ್ನು ತರಿಸಿತು. 1764ರಲ್ಲಿ ತೀರ್ಪು ರದ್ದಾಯಿತು. 1765ರ ಮಾರ್ಚ್ 9ರಂದು, ಮರಣದಂಡನೆ ವಿಧಿಸಿದ ದಿನಕ್ಕೆ ಸರಿಯಾಗಿ ಮೂರು ವರ್ಷಗಳಾದಾಗ, ಕಲಾಸ್ ನಿರ್ದೋಷಿಯೆಂದು ಒಮ್ಮತದಿಂದ ಘೋಷಿಸಲಾಯಿತು. ರಾಜನು ಕುಟುಂಬಕ್ಕೆ 36,000 ಲೀವ್ರ್ ಕೊಡಿಸಿದನು.

ನ್ಯಾಯಸಭೆಗಿಂತ ಮೇಲಿನ ನ್ಯಾಯಸಭೆಯೊಂದುಂಟು, ಅದು ಓದುಗರ ಸಮುದಾಯ ಎಂಬ ಕಲ್ಪನೆಗೆ ಈ ಪ್ರಕರಣದಲ್ಲಿ ಬಲ ಬಂದಿತು. 1787ರಲ್ಲಿ ಪ್ರೊಟೆಸ್ಟೆಂಟರಿಗೆ ನಾಗರಿಕ ಮನ್ನಣೆ ದೊರೆತುದು, 1780ರಲ್ಲಿ ಮತ್ತು 1788ರಲ್ಲಿ ವಿಚಾರಣಾ ಚಿತ್ರಹಿಂಸೆಯ ಎರಡು ವಿಧಗಳು ನಿಂತುದು, 1790ರ ಕಾನೂನು ತೀರ್ಪಿಗೆ ಕಾರಣ ನೀಡುವುದನ್ನು ಕಡ್ಡಾಯಗೊಳಿಸಿದುದು, ಇವೆಲ್ಲ ಒಬ್ಬನ ಲೇಖನಿಯಿಂದಲೇ ಆದವೆನ್ನುವುದು ಅತಿಶಯೋಕ್ತಿ. ಆದರೆ ಈ ದಾರಿಯ ಮೊದಲ ಮೈಲಿಗಲ್ಲುಗಳಲ್ಲಿ ಕಲಾಸ್ ಪ್ರಕರಣ ಒಂದು. ಎಲ್ಲವೂ ಜಯವೇ ಆಗಿರಲಿಲ್ಲ. 1766ರ ಜುಲೈ 1ರಂದು ಆಬ್ಬೆವಿಲ್ಲಿನಲ್ಲಿ ಲಾ ಬಾರ್ ಎಂಬ 20ರ ತರುಣನನ್ನು ದೈವನಿಂದೆಯ ಆರೋಪದಲ್ಲಿ ಶಿರಚ್ಛೇದ ಮಾಡಿ ಸುಟ್ಟರು. ಅವನ ಕೋಣೆಯಲ್ಲಿ ಸಿಕ್ಕಿದ್ದ ವಾಲ್ಟೇರನ ‘ತತ್ತ್ವಕೋಶ’ವನ್ನೂ ಅದೇ ಚಿತೆಗೆ ಎಸೆದರು.

ಇಷ್ಟು ಕಟ್ಟುನಿಟ್ಟಾಗಿ ಸಾಕ್ಷ್ಯವನ್ನು ಕೇಳಿದವನು ‘ಎಜೂರ್ ವೇದಮ್’ ವಿಚಾರದಲ್ಲಿ ಏನು ಮಾಡಿದನು? ಆ ಕೃತಿ ಬಿಯಾಶ್ ಮತ್ತು ಶುಮೊಂತು ಎಂಬವರ, ಅಂದರೆ ವ್ಯಾಸ ಮತ್ತು ಸುಮಂತುಗಳ, ಸಂವಾದರೂಪದಲ್ಲಿದೆ. ವ್ಯಾಸನು ಪುರಾಣದ ಕಥೆಗಳನ್ನು ಹೇಳುತ್ತಾನೆ. ಸುಮಂತು ಅವನ್ನು ಖಂಡಿಸಿ ಏಕದೇವತಾವಾದವನ್ನು ಬೋಧಿಸುತ್ತಾನೆ. ಬೈಬಲ್ಲಿಗಿಂತ ಪ್ರಾಚೀನವಾದ, ಪುರೋಹಿತರ ಕಲಬೆರಕೆಯಿಲ್ಲದ ಶುದ್ಧ ದೈವಭಾವನೆ ಭಾರತದಲ್ಲಿದ್ದಿತೆಂದು ತೋರಿಸಲು ವಾಲ್ಟೇರನಿಗೆ ಇಂತಹುದೇ ಗ್ರಂಥ ಬೇಕಾಗಿದ್ದಿತು. ಬೇಕಾದುದು ಕೈಗೆ ಸಿಕ್ಕಾಗ ಅದು ಎಲ್ಲಿಂದ ಬಂದಿತೆಂದು ಕೇಳುವವರು ವಿರಳ. ಮೂಲಪ್ರತಿ ಯಾವ ಲಿಪಿಯಲ್ಲಿದೆ, ಅನುವಾದಕನು ಯಾರು, ವೇದದಲ್ಲಿ ವ್ಯಾಸನು ಪಾತ್ರವಾಗಿ ಬರುವುದುಂಟೇ ಎಂಬ ಪ್ರಶ್ನೆಗಳು ಅವನನ್ನು ತಡೆಯಲಿಲ್ಲ. 1765ರ ‘ಇತಿಹಾಸದ ತತ್ತ್ವಜ್ಞಾನ’ದಲ್ಲಿ ಈ ಹಸ್ತಪ್ರತಿಯನ್ನು ಆಧಾರವಾಗಿ ಬಳಸಿಕೊಂಡನು.

1778ರಲ್ಲಿ ಸ್ಯಾಂತ್ ಕ್ರುವಾ ಈ ಕೃತಿಯನ್ನು ಅಚ್ಚುಮಾಡಿಸಿದನು. 1782ರಲ್ಲಿಯೇ ಪ್ರವಾಸಿ ಸೊನ್ನೆರಾ ಇದು ಪಾದ್ರಿಯೊಬ್ಬನ ರಚನೆಯೆಂದು ಸಾರಿದನು. ಅನುಮಾನಕ್ಕೆ ಆಧಾರ ಒದಗಿಸಿದವನು ಮದರಾಸಿನ ಫ್ರಾನ್ಸಿಸ್ ವೈಟ್ ಎಲ್ಲಿಸ್. ಪಾಂಡಿಚೇರಿಯ ಮಿಷನರಿಗಳ ಸಂಗ್ರಹದಲ್ಲಿ ಅವನು ಈ ‘ವೇದ’ದ ಪ್ರತಿಯನ್ನೂ ಅದೇ ಜಾತಿಯ ಬೇರೆ ಕೃತಿಗಳನ್ನೂ ಕಂಡನು. ಸಂಸ್ಕೃತ ಪದಗಳ ಬರವಣಿಗೆಯಲ್ಲಿ ಬಂಗಾಳದ ಕಡೆಯ ಉಚ್ಚಾರಣೆಯ ಗುರುತುಗಳನ್ನು ಗಮನಿಸಿದನು. ‘ವ್ಯಾಸ’ ‘ಬಿಯಾಶ್’ ಆದದ್ದು ಹಾಗೆ. 1819ರಲ್ಲಿ ತೀರಿಕೊಂಡ ಎಲ್ಲಿಸನ ಈ ಪ್ರಬಂಧ 1822ರಲ್ಲಿ ‘ಏಷಿಯಾಟಿಕ್ ರಿಸರ್ಚಸ್’ನ 14ನೆಯ ಸಂಪುಟದಲ್ಲಿ ಬೆಳಕು ಕಂಡಿತು. ಅವನು ಕೃತಿಯ ಕರ್ತೃತ್ವವನ್ನು 17ನೆಯ ಶತಮಾನದ ರಾಬರ್ಟ್ ಡಿ ನೊಬಿಲಿಗೆ ಆರೋಪಿಸಿದುದನ್ನು ಈಗ ವಿದ್ವಾಂಸರು ಒಪ್ಪುವುದಿಲ್ಲ. 18ನೆಯ ಶತಮಾನದ ಫ್ರೆಂಚ್ ಜೆಸುಯಿಟರಲ್ಲಿ ಯಾರೋ ಒಬ್ಬರು ಬರೆದುದೆಂಬುದು ಲೂಡೋ ರೋಷರ್ 1984ರಲ್ಲಿ ಪ್ರಕಟಿಸಿದ ವಿಸ್ತೃತ ಅಧ್ಯಯನದ ನಿಲುವು. ಚರ್ಚಿನ ವಿರುದ್ಧ ವಾಲ್ಟೇರ್ ಹಿಡಿದ ಆಯುಧ ಚರ್ಚಿನ ಕಮ್ಮಟದಲ್ಲಿಯೇ ತಯಾರಾಗಿದ್ದಿತು!

ಕನ್ನಡದ ಅಧ್ಯಯನಾಸಕ್ತರಿಗೆ ಎಲ್ಲಿಸನ ಹೆಸರು ಅಪರಿಚಿತವಲ್ಲ. ಕಾಲ್ಡ್‌ವೆಲ್ಲನಿಗಿಂತ ನಾಲ್ಕು ದಶಕ ಮೊದಲು, 1816ರಲ್ಲಿ, ತೆಲುಗು, ಕನ್ನಡ, ತಮಿಳುಗಳು ಸಂಸ್ಕೃತದಿಂದ ಹುಟ್ಟದೆ ಒಂದೇ ಮೂಲಕ್ಕೆ ಸೇರಿದವೆಂದು ಧಾತುಗಳ ಸಾಕ್ಷ್ಯದಿಂದ ತೋರಿಸಿದವನು ಇವನೇ. ಪದವನ್ನು ಬಿಡಿಸಿ ನೋಡುವ ಕಣ್ಣೇ ಕೂಟಗ್ರಂಥವನ್ನೂ ಪತ್ತೆಹಚ್ಚಿತು. ಗಂಗರ ತಾಮ್ರಪಟಗಳಲ್ಲಿ ಕೂಟಶಾಸನಗಳಾವುವು ಎಂದು ಫ್ಲೀಟ್ ಮತ್ತು ರೈಸರು ನಡೆಸಿದ ವಾಗ್ವಾದವನ್ನು ಬಲ್ಲವರಿಗೆ ಈ ಬಗೆಯ ಶೋಧನೆಯ ಬೆಲೆಯನ್ನು ವಿವರಿಸಬೇಕಿಲ್ಲ.

ವಾಲ್ಟೇರನ ಜಾರುವಿಕೆ ಇದೊಂದೇ ಅಲ್ಲ. ಯೆಹೂದ್ಯರನ್ನು ಕುರಿತು ಅವನು ಬರೆದ ಮಾತುಗಳು ಅಸಹ್ಯವೆನಿಸುವಷ್ಟು ಕಟುವಾಗಿವೆ. 1762ರಲ್ಲಿ ಇಸಾಕ್ ದ ಪಿಂಟೊ ಇದನ್ನು ಗೌರವದಿಂದಲೇ ಆಕ್ಷೇಪಿಸಿದಾಗ ತಪ್ಪನ್ನು ಒಪ್ಪಿಕೊಂಡು ತಿದ್ದುವೆನೆಂದನು, ತಿದ್ದಲಿಲ್ಲ. ಮಾನವಕುಲಗಳು ಬೇರೆಬೇರೆ ಮೂಲದವೆಂಬ ಅವನ ವಾದವೂ ಪರೀಕ್ಷೆಗೆ ನಿಲ್ಲುವಂತಹುದಲ್ಲ. ಒಬ್ಬ ಕಲಾಸನ ವಿಷಯದಲ್ಲಿ ಗುಂಪಿನ ಕೂಗನ್ನು ನಂಬದವನು ಒಂದು ಇಡೀ ಜನಾಂಗದ ವಿಷಯದಲ್ಲಿ ಅಂತಹ ಕೂಗಿಗೆ ದನಿಗೂಡಿಸಿದನು. ಅವನನ್ನು ಮೆಚ್ಚುವವರು ಇದನ್ನು ಅವನ ಕಾಲದ ದೋಷವೆಂದು ತಳ್ಳಿಹಾಕುವುದುಂಟು. ಪಿಂಟೊ ಕೂಡ ಅದೇ ಕಾಲದವನಲ್ಲವೇ?

ಭಾರತದೊಡನೆ ಅವನ ನಿಜವಾದ ನಂಟು ಕೊನೆಗೆ ಒದಗಿದ್ದು ಇನ್ನೊಂದು ಮೊಕದ್ದಮೆಯ ಮೂಲಕ. 1760ರ ಜನವರಿಯಲ್ಲಿ ವಂದವಾಸಿಯಲ್ಲಿ ಸೋತು, ಮರುವರ್ಷ ಪಾಂಡಿಚೇರಿಯನ್ನು ಇಂಗ್ಲಿಷರಿಗೆ ಒಪ್ಪಿಸಿದ ಫ್ರೆಂಚ್ ಸೇನಾನಿ ಲಾಲಿಯ ಪ್ರಕರಣವದು. ಇವನ ನೆರವಿಗೆಂದೇ ಮೈಸೂರಿನ ಹೈದರಾಲಿ 1760ರಲ್ಲಿ ಮಖ್ದುಮ್ ಅಲಿಯ ನೇತೃತ್ವದಲ್ಲಿ ಒಂದು ಪಡೆಯನ್ನು ಕಳುಹಿಸಿದ್ದನು. ಸೋಲಿನ ಹೊಣೆಯನ್ನೆಲ್ಲ ಲಾಲಿಯ ಮೇಲೆ ಹೊರಿಸಿ, ದ್ರೋಹದ ಆರೋಪದಲ್ಲಿ, ಬಾಯಿಗೆ ಬಿರಡೆ ಕಟ್ಟಿ 1766ರ ಮೇ 9ರಂದು ಪ್ಯಾರಿಸಿನಲ್ಲಿ ಅವನ ತಲೆ ಕಡಿದರು. ವಾಲ್ಟೇರ್ 1773ರಲ್ಲಿ ‘ಭಾರತವನ್ನು ಕುರಿತ ತುಣುಕುಗಳು’ ಎಂಬ ಕೃತಿಯಲ್ಲಿ ಈ ತೀರ್ಪನ್ನು ಪರಾಮರ್ಶಿಸಿದನು. ಲಾಲಿ ಒರಟನಾಗಿರಬಹುದು, ಅಸಮರ್ಥನಾಗಿರಬಹುದು, ಆದರೆ ದ್ರೋಹಕ್ಕೆ ಸಾಕ್ಷ್ಯವೆಲ್ಲಿ ಎಂಬುದು ಅವನ ಪ್ರಶ್ನೆ.

1778ರ ಮೇ ತಿಂಗಳಲ್ಲಿ ಪರಿಷತ್ತು ಆ ತೀರ್ಪನ್ನು ರದ್ದುಗೊಳಿಸಿದ ಸುದ್ದಿ ಬಂದಾಗ ವಾಲ್ಟೇರ್ ಪ್ಯಾರಿಸಿನಲ್ಲಿ ಮರಣಶಯ್ಯೆಯಲ್ಲಿದ್ದನು. ಲಾಲಿಯ ಮಗನಿಗೆ ಕೆಲವು ಸಾಲುಗಳ ಪತ್ರವೊಂದನ್ನು ಹೇಳಿ ಬರೆಯಿಸಿ, ಸುದ್ದಿಯನ್ನು ಕಾಗದದ ಮೇಲೆ ಬರೆದು ಗೋಡೆಯ ತೆರೆಗೆ ಚುಚ್ಚುವಂತೆ ಹೇಳಿದನು. ಅದು ಮೇ 26. ನಾಲ್ಕು ದಿನಗಳ ಬಳಿಕ ತೀರಿಕೊಂಡನು. ಪ್ಯಾರಿಸಿನ ಚರ್ಚು ಸಮಾಧಿಗೆ ಸ್ಥಳ ಕೊಡದಿದ್ದುದರಿಂದ ದೇಹವನ್ನು ಗುಟ್ಟಾಗಿ ಶಾಂಪೇನ್ ಪ್ರಾಂತದ ಒಂದು ಮಠಕ್ಕೆ ಸಾಗಿಸಲಾಯಿತು. 1791ರ ಜುಲೈ 11ರಂದು ಕ್ರಾಂತಿಯ ಸರ್ಕಾರ ಅವನ ಅವಶೇಷಗಳನ್ನು ಪ್ಯಾಂಥಿಯನ್ನಿಗೆ ತಂದಾಗ, ರಥದ ಮೇಲಿದ್ದ ಶವಪೆಟ್ಟಿಗೆಯ ಒಂದು ಬದಿಯಲ್ಲಿ ಕವಿ, ದಾರ್ಶನಿಕ, ಇತಿಹಾಸಕಾರ ಎಂಬ ಬಿರುದುಗಳಿದ್ದವು. ಇನ್ನೊಂದು ಬದಿಯಲ್ಲಿ ಅವನು ಯಾರ ಪರವಾಗಿ ವಾದಿಸಿದ್ದನೋ ಅವರ ಹೆಸರುಗಳಿದ್ದವು. ಅವುಗಳಲ್ಲಿ ಮೊದಲನೆಯದು ಕಲಾಸ್.